ಬಟ್ಟೆ ಮುಚ್ಚಿದ ಎಂಜಿನ್

ಶೆಡ್ಡಿನ ಬಾಗಿಲು ತೆಗೆದ ಮೇಸ್ತ್ರಿ ಒಳಗೆ ಕಾಲಿಡಲಿಲ್ಲ. ನಿಂತಲ್ಲಿಂದಲೇ ಕೂಗಿದ.

"ಯಜಮಾನ್ರೇ, ಹೆಡ್ಡುಗಳಿಲ್ಲ!"

ಹಳೆಯ ಲಾರಿ ಬಾನೆಟ್ ಬಿಚ್ಚಿಕೊಂಡು ನಿಂತಿತ್ತು. ಹಿಂದಿನ ಸಂಜೆ ಮೇಸ್ತ್ರಿ ಅದರ ಎಂಜಿನ್ ಮೇಲೆ ಭಾರವಾದ ಕಬ್ಬಿಣದ ಮುಚ್ಚಳಗಳಂಥ ಮೂರು ಸಿಲಿಂಡರ್ ಹೆಡ್ಡುಗಳನ್ನು ಕೂರಿಸಿ, ನಟ್ಟುಗಳನ್ನು ಬರಿಗೈಯಲ್ಲಿ ತಿರುಗಿಸಿ ಹೋಗಿದ್ದ. ಬೆಳಿಗ್ಗೆ ಪಾನಾ ಹಿಡಿದು ಬಿಗಿ ಮಾಡುವುದು ಬಾಕಿಯಿತ್ತು. ಈಗ ಹೆಡ್ಡುಗಳ ಜಾಗದಲ್ಲಿ ಒಂದು ಬಿಳಿ ಬಟ್ಟೆ ಹಾಸಿತ್ತು.

ಲಾರಿಯ ಯಜಮಾನರು ನಿವೃತ್ತ ಡ್ರೈವರ್. ಬರಿಗಾಲಲ್ಲಿ ಓಡಿಬಂದು ನೋಡಿದವರೇ ಟೈರಿನ ಮೇಲೆ ಕುಸಿದು ಕುಳಿತರು.

ಅಂಥವು ಮತ್ತೆ ಸಿಗುವುದಾದರೂ ಎಲ್ಲಿ? ಆ ಎಂಜಿನ್ ತಯಾರಿಸುವುದು ನಿಂತು ಒಂದು ತಲೆಮಾರು ಕಳೆದಿತ್ತು. ಹಳೆಯ ಹೆಡ್ಡುಗಳು ಬಿರುಕು ಬಿಟ್ಟಿದ್ದವು. ಬೆಸುಗೆ ಹಾಕಿಸಿದರೆ ಪಕ್ಕದಲ್ಲೇ ಮತ್ತೆ ಬಿರಿಯುತ್ತಿದ್ದವು. ಗಂಡಹೆಂಡತಿ ಇಬ್ಬರೂ ಗುಜರಿ ಅಂಗಡಿಗಳನ್ನು ಸುತ್ತಿ ಸುತ್ತಿ ಚಪ್ಪಲಿ ಸವೆಸಿದ್ದರು. ಕೊನೆಗೊಬ್ಬ ಗುಜರಿಯವನು ಮುಚ್ಚಿಹೋದ ಗಿರಣಿಯೊಂದರ ಮೂಲೆಗೆ ಕರೆದೊಯ್ದ. ಅಲ್ಲಿದ್ದ ಜನರೇಟರಿಗೆ ಇದೇ ಎಂಜಿನ್. ಹೆಡ್ಡುಗಳು ಹೊಸದರಂತಿದ್ದವು. ಡ್ರೈವರ್ ಅಲ್ಲೇ ಅತ್ತಿದ್ದರು.

*

ಇನ್‌ಸ್ಪೆಕ್ಟರ್‌ಗೆ ಅಂದು ರಜೆ ಇರಬೇಕಿತ್ತು. ಬೆಳಿಗ್ಗೆ ಅಮ್ಮನಿಗೆ ಸ್ನಾನ ಮಾಡಿಸಿ, ಡ್ರೈವರ್ ದೂರು ಕೊಟ್ಟರೆಂದು ತನ್ನ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬಂದಿದ್ದಳು. ಬೂಟಿನೊಳಗೆ ಹಿಮ್ಮಡಿ ನೋಯುತ್ತಿತ್ತು.

"ಮುಟ್ಟಿದ್ದೀರಾ?"

"ಇಲ್ಲ ಮೇಡಂ," ಎಂದ ಮೇಸ್ತ್ರಿ. "ನೋಡಿದ್ರೆ ಮೈ ಉರಿಯುತ್ತೆ. ಗುಜರಿಯವನದೇ ಕೆಲಸ. ಮಾರಿದ ಮೇಲೆ ಕಡಿಮೆಗೆ ಕೊಟ್ಟೆ ಅಂತ ಹೊಟ್ಟೆ ಉರ್ಕೊಂಡಿದ್ದ."

ಅವಳು ಮೇಜಿನತ್ತ ನೋಡಿದಳು. ತಾಮ್ರದ ರೇಡಿಯೇಟರ್ ಅಲ್ಲೇ ಇತ್ತು. ಪಕ್ಕದಲ್ಲಿ ಒಂದು ಡಬ್ಬಿ ತುಂಬ ಹಿತ್ತಾಳೆ.

"ಗುಜರಿಯವನು ತಾಮ್ರ ಬಿಟ್ಟು ಕಬ್ಬಿಣ ಹೊತ್ಕೊಂಡು ಹೋಗ್ತಾನಾ?"

ಮೇಸ್ತ್ರಿ ಡಬ್ಬಿಯೊಳಗೆ ಇಣುಕಿದ.

ಡ್ರೈವರ್‌ರ ತಮ್ಮ ಬಾಗಿಲಿಗೊರಗಿ ನಿಂತಿದ್ದ. ಮನೆಯ ಮಹಡಿಯಲ್ಲಿ ಅವನ ವಾಸ. ಅವನಿಗೆ ಈ ಲಾರಿಯೆಂದರೆ ಆಗದು. "ಕೂತು ತಿನ್ನೋ ಅಳಿಯ ಮೇಡಂ ಇದು. ಹೋಟೆಲಿನವರು ಬಾಗಿಲ ಮುಂದೆ ಶೋಗೆ ನಿಲ್ಲಿಸ್ತೀವಿ ಅಂತ ಕೇಳಿದ್ರು. ಹೀಗೇ ಮಾರಿಬಿಡು ಅಂತ ಬಡ್ಕೊಂಡೆ. ಅಣ್ಣ ಕೇಳಿದ್ರೆ ತಾನೆ?"

"ಹಾಗಾದ್ರೆ ಇದು ರಿಪೇರಿ ಆಗದಿದ್ರೆ ನಿಮಗೇ ಲಾಭ."

ಅವನು ಅಂಗಿ ಎತ್ತಿ ಸೊಂಟಕ್ಕೆ ಕಟ್ಟಿದ್ದ ಬೆಲ್ಟು ತೋರಿಸಿದ. "ಒಂದು ಬಕೆಟ್ ನೀರು ಎತ್ತೋಕಾಗಲ್ಲ ಮೇಡಂ. ಅದನ್ನೂ ಅತ್ತಿಗೇನೇ ಮಹಡಿಗೆ ತಂದು ಕೊಡ್ತಾರೆ. ನನ್ನ ಹಣೇಲಿ ಕಳ್ಳತನಾನೂ ಬರೆದಿಲ್ಲ."

ಇನ್‌ಸ್ಪೆಕ್ಟರ್ ಎಂಜಿನ್ನಿನ ಹತ್ತಿರ ಹೋದಳು. ಬಟ್ಟೆ ಒಂದು ದಿಂಬಿನ ಚೀಲ. ಹೊಲಿಗೆ ಬಿಚ್ಚಿ ಅಗಲ ಮಾಡಿದ್ದು. ಒಗೆದು ಒಗೆದು ನುಣುಪಾಗಿತ್ತು. ಗಾಳಿಗೆ ಹಾರದಂತೆ ಅಂಚುಗಳಿಗೆ ಕ್ಲಿಪ್ಪು ಸಿಕ್ಕಿಸಿತ್ತು. ಬಟ್ಟೆ ಒಣಹಾಕುವ ಕ್ಲಿಪ್ಪು. ನಟ್ಟುಗಳೆಲ್ಲ ಒಂದು ಸ್ಟೀಲ್ ಬಟ್ಟಲಲ್ಲಿದ್ದವು.

"ಮೇಸ್ತ್ರಿ, ನೀವಾಗಿದ್ರೆ ಇದಕ್ಕೆ ಏನು ಮುಚ್ಚುತ್ತಿದ್ರಿ?"

"ಹತ್ತಿ ವೇಸ್ಟು ತುರುಕ್ತಿದ್ದೆ. ಇಷ್ಟು ನಾಜೂಕು ನಮಗೆಲ್ಲಿ?"

"ಮುಂದಿನ ವಾರ ನಾನೇ ಓಡಿಸ್ಕೊಂಡು ಘಾಟಿ ಇಳೀಬೇಕು ಅಂತಿದ್ದೆ," ಎಂದರು ಡ್ರೈವರ್, ನೆಲಕ್ಕೆ ಹೇಳುವಂತೆ. "ಒಂದೇ ಒಂದು ಸಲ."

ಅವರ ಹುಬ್ಬಿನ ಮೇಲೆ ಮಾಸುತ್ತಿರುವ ಗಾಯವಿತ್ತು.

*

ಕೈತೊಳೆಯಲೆಂದು ಅವಳು ಮನೆಯೊಳಗೆ ಹೋದಳು. ಡ್ರೈವರ್‌ರ ಹೆಂಡತಿ ಬಚ್ಚಲು ತೋರಿಸಿ, ಸೋಪು ಕೊಟ್ಟು, ಹಿತ್ತಲಿಗೆ ಸರಿದರು. ಬಾಗಿಲು ಹಾಕಿಕೊಳ್ಳಲು ಇನ್‌ಸ್ಪೆಕ್ಟರ್ ಚಿಲಕ ತಡಕಿದಳು. ಚಿಲಕ ಇರಲಿಲ್ಲ. ಮೊಳೆ ಕಿತ್ತ ತೂತುಗಳು ಮಾತ್ರ ಇದ್ದವು. ಒಳಗಿನ ಮರ ಇನ್ನೂ ಬೆಳ್ಳಗಿತ್ತು.

ಅವಳು ನಲ್ಲಿ ತಿರುಗಿಸುವುದನ್ನು ಮರೆತು ನಿಂತಳು. ಅಮ್ಮ ಎರಡನೇ ಸಲ ಬಿದ್ದ ದಿನ ಅವಳೂ ಮನೆಯ ಬಚ್ಚಲಿನ ಚಿಲಕವನ್ನು ಹೀಗೇ ಕಿತ್ತಿದ್ದಳು. ಬಾಗಿಲು ಒಡೆಯುವ ಆ ಹೊತ್ತು ಇನ್ನೊಮ್ಮೆ ಬರಬಾರದೆಂದು.

ಕೈತೊಳೆದು ಹಿತ್ತಲಿಗೆ ಬಂದಳು. ತಂತಿಯ ಮೇಲಿನ ಬಟ್ಟೆಗಳು ಪಟಪಟನೆ ಹಾರುತ್ತಿದ್ದವು. ಒಂದಕ್ಕೂ ಕ್ಲಿಪ್ಪಿರಲಿಲ್ಲ. ಗೋಡೆ ಪಕ್ಕ ವಾಷಿಂಗ್ ಮೆಷಿನ್. ಅದರ ಪಕ್ಕದಲ್ಲೇ ಹೆಂಡತಿ ಕೂತು ಕೈಯಲ್ಲಿ ಬಟ್ಟೆ ಹಿಂಡುತ್ತಿದ್ದರು.

"ಮೆಷಿನ್ ಕೆಟ್ಟಿದೆಯಾ ಅಮ್ಮಾ?"

"ಎಂದೋ ಕೆಟ್ಟಿತು. ಲಾರಿದು ಮುಗೀಲಿ, ಆಮೇಲೆ ನೋಡೋಣ ಅಂದ್ರು."

ಇನ್‌ಸ್ಪೆಕ್ಟರ್ ಅದನ್ನು ಮೊಣಕಾಲಿನಿಂದ ತಳ್ಳಿದಳು. ಕದಲಲಿಲ್ಲ. ಇನ್ನೊಂದು ಬಟ್ಟೆ ತೊಳೆಯುವ ಕಲ್ಲಿನಂತೆ ಕೂತಿತ್ತು.

ಅವಳು ಅಲ್ಲೇ ಮಣೆ ಎಳೆದು ಕೂತಳು. ಬೂಟು ಬಿಚ್ಚಿದಳು.

"ಯಜಮಾನರು ಎಷ್ಟು ಸಲ ಬಿದ್ದರು?"

ಹಿಂಡುತ್ತಿದ್ದ ಕೈ ನಿಂತಿತು.

"ತಾಮ್ರ ಬಿಟ್ಟು ಹೋಗಿರೋದು ನೋಡಿದಾಗಲೇ ಹಣದಾಸೆ ಅಲ್ಲ ಅಂತ ಗೊತ್ತಾಯ್ತು," ಎಂದಳು ಇನ್‌ಸ್ಪೆಕ್ಟರ್. "ಇವತ್ತು ನಟ್ಟು ಬಿಗಿ ಆಗಿದ್ರೆ ನಿಮ್ಮ ಕೈಲಿ ಬಿಚ್ಚೋಕಾಗ್ತಿರಲಿಲ್ಲ. ಅದಕ್ಕೇ ನಿನ್ನೆ ರಾತ್ರೀನೇ ತೆಗೆದ್ರಿ. ಭಾರ ಎತ್ತೋದು ಈ ಮನೇಲಿ ನೀವೊಬ್ಬರೇ. ಲಾರಿ ಓಡಬಾರದು, ಆದ್ರೆ ಎಂಜಿನ್‌ಗೂ ಏನೂ ಆಗಬಾರದು. ಯಾವ ಕಳ್ಳ ಕದ್ದ ಜಾಗಕ್ಕೆ ದಿಂಬಿನ ಬಟ್ಟೆ ಹೊದಿಸ್ತಾನೆ? ಯಾಕೆ ಅಂತ ಮಾತ್ರ ಹೊಳೀಲಿಲ್ಲ. ಬಚ್ಚಲಿನ ಬಾಗಿಲು ಹೇಳ್ತು."

ಹೆಂಡತಿ ಒದ್ದೆ ಕೈಯಲ್ಲೇ ಮುಖ ಒರೆಸಿಕೊಂಡರು. ಅಳುತ್ತಿರಲಿಲ್ಲ. ಅಳುವುದಕ್ಕೂ ತ್ರಾಣ ಬೇಕು.

"ಮೂರು ಸಲ. ಕಣ್ಣು ಕತ್ತಲೆ ಬಂದು ಧೊಪ್ಪಂತ ಬೀಳ್ತಾರೆ. ಯಾರಿಗೂ ಹೇಳಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡ್ರು. ಹೇಳೋ ಹಾಗಿಲ್ಲ, ಸುಮ್ಮನಿರೋ ಹಾಗಿಲ್ಲ. ಘಾಟೀಲಿ ಸ್ಟೇರಿಂಗ್ ಹಿಡ್ಕೊಂಡಿದ್ದಾಗ ಕತ್ತಲೆ ಬಂದ್ರೆ?"

ಹಿತ್ತಲ ಬಾಗಿಲಲ್ಲಿ ನೆರಳು ಬಿತ್ತು. ಡ್ರೈವರ್. ಹಿಂದೆ ಮೇಸ್ತ್ರಿ. ಕೇಳಿಸಿಕೊಂಡಿದ್ದರೆಂದು ಅವರ ಮುಖವೇ ಹೇಳುತ್ತಿತ್ತು.

*

ಮೆಷಿನ್ನಿನ ಮುಚ್ಚಳ ತೆಗೆದದ್ದು ಮೇಸ್ತ್ರಿ. ಒಳಗೆ ಮೂರೂ ಹೆಡ್ಡುಗಳಿದ್ದವು. ಹಳೆಯ ಟವೆಲ್ ಸುತ್ತಿ, ತುಕ್ಕು ಹಿಡಿಯದಂತೆ ಎಣ್ಣೆ ಸವರಿತ್ತು.

"ಅಮ್ಮಾ, ಇದು ಅಡುಗೆ ಎಣ್ಣೆ!"

"ಮನೇಲಿ ಇದ್ದಿದ್ದು ಅದೇ ಕಣಪ್ಪಾ."

ಡ್ರೈವರ್ ನಗಲಿಲ್ಲ. "ಕದಿಯೋ ಬದಲು ಓಡಿಸಬೇಡಿ ಅಂತ ಹೇಳಬಹುದಿತ್ತಲ್ಲೇ?"

"ಹೇಗೆ ಹೇಳಲಿ? ಗುಜರಿ ಅಂಗಡಿ ಅಂಗಡೀಲೂ ನಿಮ್ಮ ಮುಖ ನೋಡಿದೋಳು ನಾನು ತಾನೆ?"

ಡ್ರೈವರ್ ಜೇಬಿನಿಂದ ಲಾರಿಯ ಕೀಲಿ ತೆಗೆದರು. ಕೊಡಲು ಮನಸ್ಸಿರಲಿಲ್ಲ, ಬೆರಳುಗಳು ಬಿಡಲೊಲ್ಲವು. ಕೊನೆಗೆ ಅದು ಹೆಂಡತಿಯ ಒದ್ದೆ ಅಂಗೈಗೆ ಬಿತ್ತು.

"ಬಿಗಿ ಮಾಡು ಮೇಸ್ತ್ರಿ. ಓಡಿಸೋನು ನೀನು. ಪಕ್ಕದಲ್ಲಿ ಕೂರ್ತೀನಿ." ಇನ್‌ಸ್ಪೆಕ್ಟರ್ ಕಡೆ ತಿರುಗಿದರು. "ನನ್ನ ದೂರು ವಾಪಸ್ ತಗೊಳ್ತೀನಮ್ಮ."

"ಡಾಕ್ಟರ್ ಹತ್ರ ಹೋಗಿಬಂದ ಮೇಲೆ ತಗೊಳ್ಳಿ," ಎಂದಳು ಅವಳು, ಬೂಟಿನ ದಾರ ಕಟ್ಟುತ್ತ. "ಅಲ್ಲೀವರೆಗೂ ಕೇಸ್ ಹಾಗೇ ಇರುತ್ತೆ."

ಅವಳು ಗೇಟು ದಾಟುವಾಗ ಬೆನ್ನ ಹಿಂದೆ ಡ್ರೈವರ್‌ರ ದನಿ ಕೇಳಿಸಿತು.

"ಬೇಡದ ಲಾರಿಗೆ ಬಟ್ಟೆ ಯಾಕೆ ಮುಚ್ಚಿದೆ?"

"ಒಳಗೆ ಧೂಳು ಬಿದ್ದಿದ್ರೆ," ಎಂದರು ಹೆಂಡತಿ, "ಆಮೇಲೆ ಒರೆಸೋಳು ಯಾರು?"