ಬಲದ ಮೇಲೆ ಎಡ

ಪ್ರೀತಿ ಹೇಳಿಕೊಳ್ಳೋಕೆ ಬಂದ ಹುಡುಗನ ಕೈಗೆ ಪಟ್ಟಂತ ಹೊಡೆದರೆ ಅವನು ಏನಂದುಕೊಳ್ಳಬೇಕು, ನೀವೇ ಹೇಳಿ. ಆಲಿಸ್ ಹೊಡೆದೇಬಿಟ್ಟಳು. ಅದೂ ತಾನೇ ಹೊಲಿದ ಜಾಕೆಟ್ಟು ಅವನ ಮೈಮೇಲಿರುವಾಗ.

ಇದು ೨೦೦೫ರ ಮೇ ತಿಂಗಳ ಮಾತು. ಮಿಸ್ಡ್ ಕಾಲ್ ಕೊಟ್ಟೇ ಅರ್ಧ ಪ್ರೇಮ ನಡೆಯುತ್ತಿದ್ದ ಕಾಲ. ಮಂಗಳೂರಿನ ಆಲಿಸ್ ಮಸ್ಕತ್ತಿನ ರೂವಿಯಲ್ಲಿ ಒಂದು ಹಳೇ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಗೆಳತಿ ಚಿತ್ರಾಳ ಜೊತೆ ಇದ್ದಳು. ಚಿತ್ರಾಳ ಆಫೀಸಿನಲ್ಲೇ ಡ್ರಾಫ್ಟ್ಸ್‌ಮನ್ ಆಗಿದ್ದವನು ಮೈಸೂರಿನ ಅನೂಪ್. ಲಿಫ್ಟ್ ಕೆಟ್ಟಿದ್ದ ಒಂದು ದಿನ ಆಲಿಸಳ ಹೊಲಿಗೆ ಮೆಷಿನ್ನನ್ನು ಹೊತ್ತು ಮೇಲೆ ತಂದುಕೊಟ್ಟ. ಆಮೇಲೆ ಲಿಫ್ಟ್ ಸರಿಹೋಯಿತು, ಅವನು ಬರುವುದು ಮಾತ್ರ ನಿಲ್ಲಲಿಲ್ಲ. ಪ್ರತಿ ಶುಕ್ರವಾರ ಏನಾದರೂ ಒಂದು ನೆಪ.

ಆಲಿಸಳ ಬೀರುವಿನಲ್ಲಿ ಅಂಗಡಿಯಿಂದ ತಂದ ರೆಡಿಮೇಡ್ ಒಂದೂ ಇರಲಿಲ್ಲ. ಮತ್ರಾ ಪೇಟೆಯಲ್ಲಿ ಶಾಹುಲ್ ಹಮೀದ್ ಅವರ ಬಟ್ಟೆ ಅಂಗಡಿಗೆ ಹೋಗಿ, ಮೂಲೆಯ ರಾಶಿಯಿಂದ ಕಟ್‌ಪೀಸು ಆರಿಸಿ ತಂದು, ಎಲ್ಲ ತಾನೇ ಹೊಲಿದುಕೊಂಡದ್ದು. ಜೊತೆಗೆ ತಾನೇ ಹೆಣೆದ ನಾಲ್ಕು ಸ್ವೆಟರ್.

“ಮಸ್ಕತ್ತಿನಲ್ಲಿ ಸ್ವೆಟರ್ ಹೆಣೆಯೋರು ನೀವೊಬ್ಬರೇ ಕಣ್ರೀ,” ಅಂತ ಅನೂಪ್ ಕೆಣಕುತ್ತಿದ್ದ.

“ಹೊರಗೆ ನಲವತ್ತೈದು, ಆಫೀಸಿನೊಳಗೆ ಹದಿನೆಂಟು. ನಮ್ಮ ಮ್ಯಾನೇಜರಿಗೆ ಎಸಿ ಅಂದ್ರೆ ಪ್ರಾಣ. ನಾನು ಎಂತ ಮಾಡುದು ಮಾರಾಯ್ರೆ?”

“ಎಂತ ಮಾಡುದು,” ಅಂತ ಅವಳ ಹಾಗೇ ರಾಗ ಎಳೆದು ಅವನು ನಗುತ್ತಿದ್ದ. ಅವಳು ಕನ್ನಡಕದ ಮೇಲಿಂದ ಒಂದು ನೋಟ ಬಿಟ್ಟು, ತುಟಿಯ ಸಂದಿಯಲ್ಲೇ ಹೇಳುವಳು, “ಬಾಯಲ್ಲಿ ಗುಂಡುಸೂಜಿ ಉಂಟು. ಈಗ ನಗಿಸಬೇಡಿ.”

ಹೊಲಿಗೆ ಅವಳಿಗೆ ಅಮ್ಮನಿಂದ ಬಂದದ್ದು. ಅಮ್ಮ ಫುಮಿಕೊ, ಜಪಾನಿನ ಕೋಬೆಯವಳು. ಹಡಗಿನ ಇಂಜಿನಿಯರ್ ನೊರ್ಬರ್ಟ್ ಆ ಬಂದರಿನಲ್ಲಿ ಅವಳನ್ನು ಕಂಡು, ಮದುವೆಯಾಗಿ, ಮಂಗಳೂರಿಗೆ ಕರೆತಂದ. ಅವಳು ಕೊಂಕಣಿ ಕಲಿತಳು, ಕನ್ನಡ ಕಲಿತಳು, ಮೀನಿನ ಸಾರು ಮಾಡುವುದರಲ್ಲಿ ಅತ್ತೆಯನ್ನೇ ಮೀರಿಸಿದಳು. ಏನು ಮಾಡಿದರೂ ಬೀದಿಯವರಿಗೆ ಕೊನೆತನಕ ‘ಚೀನಾ ಬಾಯಿ’ಯೇ. ಅಲ್ಲ, ಜಪಾನು ಅಂತ ಹೇಳಿ ಹೇಳಿ ಆಲಿಸಳ ಬಾಲ್ಯ ಅರ್ಧ ಸವೆದಿತ್ತು. ಅಮ್ಮನ ಭಾಷೆ ಅವಳಿಗೆ ನಾಲ್ಕು ಮಾತಿಗಿಂತ ಹೆಚ್ಚು ಬರುತ್ತಿರಲಿಲ್ಲ. ಕೈಗೆ ಮಾತ್ರ ಎಲ್ಲವೂ ಬಂದಿತ್ತು.

ಕಿಮೋನೊಗೆ ಮೊಳಕ್ಕೂ ಕಡಿಮೆ ಅಗಲದ ಒಂದೇ ಥಾನು ಸಾಕು. ಎಲ್ಲ ನೇರ ತುಂಡು, ಚೂರೂ ದಂಡವಾಗುವುದಿಲ್ಲ. ಒಳ್ಳೆಯ ಕಿಮೋನೊ ಆದರೆ ಒಗೆಯುವಾಗ ಹೊಲಿಗೆಯನ್ನೆಲ್ಲ ಬಿಚ್ಚಿ, ಒಣಗಿಸಿ, ಮತ್ತೆ ಹೊಲಿಯುವುದು. ಇಷ್ಟೆಲ್ಲ ಯಾಕಮ್ಮಾ ಅಂತ ಚಿಕ್ಕವಳಿದ್ದಾಗ ಆಲಿಸ್ ಕೇಳಿದ್ದಳು. “ಬಿಚ್ಚಲಿಕ್ಕೆ ಬರುವ ಹಾಗೆ ಹೊಲಿದರೆ ಮುಂದೆ ಮಗಳಿಗೂ ಆಗ್ತದೆ,” ಅಂದಿದ್ದಳು ಅಮ್ಮ.

ಹಾಗೆ ಬಿಚ್ಚಿಟ್ಟಿದ್ದ ಅಮ್ಮನ ಒಂದು ಕಡುನೀಲಿ ಕಿಮೋನೊ ಆಲಿಸಳ ಪೆಟ್ಟಿಗೆಯಲ್ಲಿತ್ತು. ಅಮ್ಮ ಹೋಗಿ ಎರಡು ವರ್ಷವಾದರೂ ಅದಕ್ಕೆ ಕತ್ತರಿ ಹಾಕಿರಲಿಲ್ಲ, ಯಾರಿಗೂ ಮುಟ್ಟಲೂ ಕೊಟ್ಟಿರಲಿಲ್ಲ. ಆ ಏಪ್ರಿಲ್‌ನಲ್ಲಿ ಅದನ್ನು ತೆಗೆದು ಅನೂಪನಿಗೆ ಜಾಕೆಟ್ಟು ಹೊಲಿಯಲು ಕೂತಳು. ಅಪ್ಪನಿಗೆ ಅಮ್ಮ ಹೊಲಿಯುತ್ತಿದ್ದಂಥದ್ದೇ, ಮುಂದೆ ಒಂದರ ಮೇಲೊಂದು ಮಡಿಸಿ ಲಾಡಿ ಕಟ್ಟುವ ಜಾಕೆಟ್ಟು. ಇಷ್ಟು ಸಾಲದೇ, ಹುಡುಗಿಯ ಮನಸ್ಸು ತಿಳಿಯೋಕೆ? ಅನೂಪನಿಗೆ ಮಾತ್ರ ಅದು ಚೆಂದದ ನೀಲಿ ಬಟ್ಟೆ, ಅಷ್ಟೇ.

ಅಳತೆ ನೋಡಲು ಕರೆದ ಶುಕ್ರವಾರ ಚಿತ್ರಾ ಅಡುಗೆಮನೆಯಲ್ಲಿ ಚಹಾ ಕಾಯಿಸುತ್ತಿದ್ದಳು. ಲಾಡಿ ಇನ್ನೂ ಹೊಲಿದಿರಲಿಲ್ಲ. ಅನೂಪ್ ಜಾಕೆಟ್ಟು ತೊಟ್ಟು ಕನ್ನಡಿಯ ಮುಂದೆ ನಿಂತ. ಎಡಗಡೆಯ ಅಂಚನ್ನು ಒಳಗೆ ಸೇರಿಸಿ, ಅದರ ಮೇಲೆ ಬಲಗಡೆಯದನ್ನು ಮಡಿಸುತ್ತಾ, ಕನ್ನಡಿಯೊಳಗಿಂದಲೇ ಅವಳನ್ನು ನೋಡಿ ಮೆಲ್ಲಗೆ ಕೇಳಿದ, “ಈಗ ನಿಮ್ಮ ಮನೆಯವರ ಥರ ಕಾಣ್ತೀನಾ?”

ಪಟ್ ಅಂತ ಬಿತ್ತು ಕೈಮೇಲೆ.

ಅವಳ ಕೈ ಮೊದಲು ಓಡಿತ್ತು, ಕಿವಿ ಆಮೇಲೆ. ಮನೆಯವರು ಅಂದನೇ ಅಂತ ಅವಳಿಗೆ ಹೊಳೆಯುವಷ್ಟರಲ್ಲಿ ಅವನು ಜಾಕೆಟ್ಟು ಕಳಚಿ ಕುರ್ಚಿಯ ಮೇಲಿಟ್ಟಿದ್ದ. “ಸಾರಿ ರೀ. ನಾನು ಹಾಗೆ ಕೇಳಬಾರದಿತ್ತು,” ಅಂದವನೇ ಚಹಾ ಕೂಡ ಕುಡಿಯದೆ ಮೆಟ್ಟಿಲಿಳಿದು ಹೋದ.

ಹನ್ನೊಂದು ದಿನ ಒಂದು ಮಿಸ್ಡ್ ಕಾಲೂ ಇಲ್ಲ. ಹನ್ನೆರಡನೇ ದಿನ ಚಿತ್ರಾ ಆಫೀಸಿನಿಂದ ಬಂದು ಬ್ಯಾಗು ಎಸೆದು ಸೋಫಾದ ಮೇಲೆ ಕೂತಳು.

“ನಿನ್ನ ಏಟು ಜೋರಾಗಿಯೇ ಬಿದ್ದಿದೆ ಕಣೇ. ಸಲಾಲಾದವರೆಗೂ ಹಾರಿದ್ದಾನೆ.”

“ಎಂತ?”

“ಸಾವಿರ ಕಿಲೋಮೀಟರ್ ದೂರ ಅಂತ ಅಲ್ಲಿಯ ಪ್ರಾಜೆಕ್ಟ್ ಯಾರಿಗೂ ಬೇಡವಾಗಿತ್ತು. ಇವನೇ ಕೇಳಿ ಹಾಕಿಸಿಕೊಂಡ. ಎರಡು ವರ್ಷ. ನಾಳೆ ಬೆಳಿಗ್ಗೆ ಬಸ್ಸು. ಪಾಪ, ಊರಲ್ಲಿ ಅಪ್ಪನಿಗೂ ನಿನ್ನ ವಿಷಯ ಹೇಳಿದ್ದನಂತೆ.”

ಆಲಿಸ್ ಅರ್ಧಕ್ಕೆ ನಿಂತಿದ್ದ ಜಾಕೆಟ್ಟನ್ನು ಕೈಗೆತ್ತಿಕೊಂಡಳು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು, ನಿಜ. ಆದರೆ ಅದನ್ನು ಹೇಳಬೇಕಾದರೆ ಅಮ್ಮನ ಶವಪೆಟ್ಟಿಗೆಯ ಹತ್ತಿರ ನಿಂತ ದಿನವನ್ನೇ ಹೇಳಬೇಕು. ಅದನ್ನು ಅವಳು ಅಪ್ಪನ ಹತ್ತಿರವೂ ಆಡಿರಲಿಲ್ಲ. ಈಗ ಹೇಳದಿದ್ದರೆ ಅವನು ಹೋಗಿಯೇಬಿಡುತ್ತಾನೆ, ಅವಳಿಗೆ ಬೇಡವಾದವನು ಅಂತ ನಂಬಿಕೊಂಡು. ಮೆಷಿನ್ನು ಎಳೆದುಕೊಂಡು ಲಾಡಿ ಹೊಲಿಯಲು ಕೂತಳು.

ಬೆಳಿಗ್ಗೆ ಆರೂವರೆಗೆ ರೂವಿ ಬಸ್‌ಸ್ಟ್ಯಾಂಡಿನಲ್ಲಿ ಸಲಾಲಾ ಬಸ್ಸಿನ ಪಕ್ಕ ಅನೂಪ್ ನಿಂತಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟ.

“ನೀವ್ಯಾಕೆ ಬರೋಕೆ ಹೋದ್ರಿ?”

“ಮಾತಾಡಬೇಡಿ. ಮೊದಲು ನಾನು ಹೇಳಿ ಮುಗಿಸ್ತೇನೆ,” ಅಂದಳು ಆಲಿಸ್. ಬಸ್ಸಿನ ಚಕ್ರ ನೋಡುತ್ತಾ ಹೇಳಿದಳು. “ಜಪಾನಿನವರು ಬದುಕಿರುವವರಿಗೆ ಬಲದ ಮೇಲೆ ಎಡ ಬರುವ ಹಾಗೆ ಮಡಿಸ್ತಾರೆ. ಎಡದ ಮೇಲೆ ಬಲ ಬಂದರೆ ಅದು ಸತ್ತವರಿಗೆ. ಅಮ್ಮ ಹೋದಾಗ ಅವಳಿಗೆ ಕಿಮೋನೊ ಉಡಿಸಿದ್ದು ನಾನೇ, ಹಾಗೇ ಮಡಿಸಿದೆ. ಇಗರ್ಜಿಯ ಹೆಂಗಸೊಬ್ಬರು, ಪಾಪ ಹುಡುಗಿಗೆ ಗಾಬರಿ ಅಂತ, ಬಿಚ್ಚಿ ಅಮ್ಮ ಯಾವಾಗಲೂ ಉಡುವ ಹಾಗೆ ಸರಿ ಮಾಡಿದ್ರು. ಎಲ್ಲರನ್ನೂ ಹೊರಗೆ ಕಳಿಸಿ ಪುನಃ ಮಡಿಸಿದೆ, ಅನೂಪ್. ಎರಡೆರಡು ಸಲ. ನಿಮ್ಮ ಜಾಕೆಟ್ಟೂ ಅಮ್ಮನದೇ ಇನ್ನೊಂದು ಕಿಮೋನೊದಿಂದ ಹೊಲಿದದ್ದು. ಅವತ್ತು ಅದು ನಿಮ್ಮ ಮೈಮೇಲೆ ಹಾಗೆ ಕಂಡದ್ದೇ, ನನಗೆ ಜೀವ ಹಾರಿಹೋಯ್ತು.”

ಅವನು ಶರ್ಟಿನ ಮೇಲಿಂದಲೇ ಎಡ ಭುಜ ಮುಟ್ಟಿಕೊಂಡ.

“ಅಪಸವ್ಯ,” ಅಂದ. “ನಮ್ಮಲ್ಲೂ ಇದೆ ಕಣ್ರೀ. ಜನಿವಾರ ಯಾವಾಗಲೂ ಎಡ ಭುಜದ ಮೇಲೆ. ತೀರಿಕೊಂಡವರ ಕಾರ್ಯ ಮಾಡುವಾಗ ಮಾತ್ರ ಬಲಕ್ಕೆ ಹಾಕ್ಕೋಬೇಕು. ಅಮ್ಮ ಹೋದಾಗ ನನಗೆ ಹತ್ತೊಂಬತ್ತು. ಕಾರ್ಯ ಮುಗೀತು, ಸವ್ಯ ಮಾಡ್ಕೋ ಅಂತ ಪುರೋಹಿತರು ಮೂರು ಸಲ ಹೇಳಿದ್ರು. ಎಡಕ್ಕೆ ಹಾಕ್ಕೊಂಡ್ರೆ ಅಮ್ಮ ನಿಜವಾಗಿ ಹೋದ ಹಾಗೆ ಅಂತ ಕೈಯೇ ಬರಲಿಲ್ಲ.”

ಆಲಿಸಳ ಕಣ್ಣು ತುಂಬಿತು. ಹುಟ್ಟಿದಾಗಿನಿಂದ ಎಲ್ಲರಿಗೂ ಎಲ್ಲವನ್ನೂ ಬಿಡಿಸಿ ಹೇಳಿ ಸುಸ್ತಾಗಿದ್ದವಳಿಗೆ, ಹೇಳುವ ಮೊದಲೇ ಗೊತ್ತಿದ್ದವನೊಬ್ಬ ಸಿಕ್ಕಿದ್ದ.

“ಹಾಗಾದ್ರೆ ಆ ಏಟು ನನ್ನ ಪ್ರಶ್ನೆಗಲ್ಲ?”

“ಪ್ರಶ್ನೆ ಕಿವಿಗೆ ಬಿದ್ದದ್ದೇ ಆಮೇಲೆ.”

“ಬಿದ್ದ ಮೇಲೆ?”

ಅವಳು ಚೀಲದಿಂದ ಜಾಕೆಟ್ಟು ತೆಗೆದು ಅವನ ಕೈಗಿಟ್ಟಳು. “ಕಾಣ್ತೀರಿ,” ಅಂದಳು. “ನಮ್ಮ ಮನೆಯವರ ಹಾಗೇ ಕಾಣ್ತೀರಿ.”

ಅವನ ಮುಖ ನೋಡಬೇಕಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಜಾಕೆಟ್ಟನ್ನು ಎದೆಗೊತ್ತಿಕೊಂಡು ನಿಂತುಬಿಟ್ಟ.

“ನಿಮ್ಮ ತಂದೆ ಎಂತ ಹೇಳಿದ್ರು?” ಅಂತ ಅವಳೇ ಕೇಳಿದಳು.

“ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ, ಆ ಹುಡುಗಿಗೆ ಸಾರು ಮಾಡೋಕೆ ಬರುತ್ತಾ ಅಂದ್ರು. ಸ್ವೆಟರ್ ಮಾಡೋಕೆ ಬರುತ್ತೆ ಅಂದೆ.”

ಅವಳು ನಕ್ಕಳು, ಕಣ್ಣೊರೆಸಿಕೊಂಡಳು. ಡ್ರೈವರ್ “ಯಲ್ಲಾ, ಯಲ್ಲಾ” ಅಂತ ಕೂಗಿ ಹಾರ್ನ್ ಒತ್ತಿದ. ತಾನೇ ಬೇಡಿ ಪಡೆದ ಎರಡು ವರ್ಷವನ್ನು ಅನೂಪ್ ಈಗ ಯಾರಿಗೆ ಅಂತ ಬೇಡ ಅನ್ನಲಿ?

“ಕೈ ಚಾಚಿ,” ಅಂದಳು ಆಲಿಸ್. “ಇನ್ನೊಂದು ತಿಂಗಳಿಗೆ ಅಲ್ಲಿ ತುಂತುರು ಮಳೆ ಶುರು. ಸ್ವೆಟರಿಗೆ ಅಳತೆ ಬೇಕು.”

“ಟೇಪ್ ಎಲ್ಲಿ?”

“ತಂದಿಲ್ಲ.”

ಅವನ ಬಲ ಭುಜದಿಂದ ಮಣಿಕಟ್ಟಿನವರೆಗೆ ಅವಳ ಬೆರಳು ಗೇಣು ಗೇಣಾಗಿ ಇಳಿಯಿತು. ಮೂರು ಗೇಣು, ಎರಡು ಬೆರಳು. ಸುತ್ತಲಿನವರಿಗೆ ಅದು ಅಳತೆ. ಅವರಿಬ್ಬರಿಗೆ ಏನೆಂದು ಅವರಿಬ್ಬರಿಗೇ ಗೊತ್ತು.

“ಕೊರಿಯರ್ ಮಾಡ್ತೀರಾ?” ಅವನು ಕೇಳಿದ.

“ಇಲ್ಲ. ಹೆಣೆದು ಮುಗಿದ ದಿನ ನಾನೇ ಈ ಬಸ್ಸು ಹತ್ತುತ್ತೇನೆ.”

ಡ್ರೈವರ್ ಮತ್ತೊಮ್ಮೆ ಹಾರ್ನ್ ಒತ್ತಿದ. ಅನೂಪ್ ಬ್ಯಾಗು ಎತ್ತಿಕೊಂಡ.

“ನಿಲ್ಲಿ ಮಾರಾಯ್ರೆ,” ಅಂದಳು ಅವಳು. “ಮನುಷ್ಯರ ಎರಡು ಕೈಯೂ ಒಂದೇ ಉದ್ದ ಇರುದಿಲ್ಲ. ಆ ಕೈಯೂ ಕೊಡಿ.”

ಅವನು ಬ್ಯಾಗು ಕೆಳಗಿಟ್ಟು ಆ ಕೈಯನ್ನೂ ಕೊಟ್ಟ.