ಎರಡನೇ ಬೀಗ

"ಒದ್ದೆ ಅಂಗಿನ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದಿದ್ದೀರಲ್ಲ, ಇದನ್ನ ನಾನು ತಗೊಳ್ಳಲ್ಲ."

ವಿಧಿವಿಜ್ಞಾನ ಪ್ರಯೋಗಾಲಯದ ಸಾಕ್ಷ್ಯ ಕೊಠಡಿಯ ಕಿಟಕಿಯಾಚೆ ನಿಂತಿದ್ದ ಹೊಸ ಇನ್ಸ್‌ಪೆಕ್ಟರಿಗೆ ಕೋಪ ನೆತ್ತಿಗೇರಿತು. ಉರಿಬಿಸಿಲಲ್ಲಿ ಎರಡು ಗಂಟೆ ಜೀಪು ಓಡಿಸಿಕೊಂಡು ಬಂದಿದ್ದ.

"ಚೀಲ ಯಾವುದಾದ್ರೇನು ಮೇಡಂ? ಸೀಲ್ ಸರಿಯಾಗಿದೆಯಲ್ಲ."

"ಪ್ಲಾಸ್ಟಿಕ್ಕಲ್ಲಿ ಬೆವೆತು ಬೂಷ್ಟು ಹಿಡಿಯುತ್ತೆ. ಗುಂಡು ಹಾರಿಸಿದಾಗ ಬಟ್ಟೆ ಮೇಲೆ ಕೂರೋ ಮದ್ದಿನ ಕಣ ಧೂಳಿಗಿಂತ ಸಣ್ಣದು. ಅದು ಹಾಳಾದ್ರೆ ನಿಮ್ಮ ಕೇಸೂ ಅದರ ಜೊತೆನೇ ಹೋಗುತ್ತೆ. ಒಣಗಿಸಿ, ಕಾಗದದ ಚೀಲದಲ್ಲಿ ತನ್ನಿ. ಮತ್ತೆ, ಪಿಸ್ತೂಲ್ ಮುಟ್ಟಿದ ಕೈಯಲ್ಲಿ ಇದನ್ನ ಮುಟ್ಟಬೇಡಿ."

ಅವನು ಚೀಲ ಎತ್ತಿಕೊಂಡು ಹೊರಟುಹೋದ.

ಸ್ವಲ್ಪ ಜೋರಾಗೇ ಹೇಳಿಬಿಟ್ಟೆನೇನೋ... ಎಂದು ಆ ಕೊಠಡಿಯ ಉಸ್ತುವಾರಿಯಾಗಿದ್ದ ಅವಳಿಗೆ ಸಂಜೆಯವರೆಗೂ ಕಸಿವಿಸಿ.

ಎರಡು ದಿನ ಬಿಟ್ಟು ಅವನು ಕಾಗದದ ಚೀಲದೊಡನೆ ಬಂದ. ತಾರೀಖು, ಹೊತ್ತು, ಸಹಿ, ಎಲ್ಲವೂ ಅಚ್ಚುಕಟ್ಟು.

"ನೂರಕ್ಕೆ ಎಷ್ಟು ಅಂಕ ಮೇಡಂ?"

"ತೊಂಬತ್ತು. ಅಕ್ಷರ ಮಾತ್ರ ಕಾಗೆ ಕಾಲು."

ಇಬ್ಬರೂ ನಕ್ಕರು. ಅಲ್ಲಿಂದ ಆರು ತಿಂಗಳು, ಪ್ರತಿ ಕೇಸಿಗೂ ಅವನೇ ಬಂದ. ಕಾನ್‌ಸ್ಟೇಬಲ್ ತರಬಹುದಾಗಿದ್ದ ಪೊಟ್ಟಣಗಳನ್ನೂ ಅವನೇ ತಂದ! ಪ್ರಯೋಗಾಲಯದ ಅಂಗಳದ ಕಲ್ಲುಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತ, ಅಮ್ಮನಿಲ್ಲದ ತನ್ನನ್ನು ಅಕ್ಕ ಸಾಕಿದ ಕಥೆ ಹೇಳಿದ. ಅಣ್ಣ ಅತ್ತಿಗೆಯ ಮನೆಯಲ್ಲಿರುವ ತಾನು ಯಾಕೆ ಮದುವೆಯ ಮಾತು ಮುಂದೂಡುತ್ತಿದ್ದೇನೆಂದು ಅವಳು ಹೇಳಿದಳು. ಈಗ ಮುಂದೂಡಲು ಬೇರೆಯೇ ಕಾರಣವಿದೆ ಎಂಬುದನ್ನು ಮಾತ್ರ ಹೇಳಲಿಲ್ಲ.

ಹಾಗಿರುವಾಗ ಒಂದು ಸಂಜೆ ಗೋದಾಮೊಂದರ ಮೇಲೆ ಅವನ ಠಾಣೆಯ ಪೊಲೀಸರ ದಾಳಿ ನಡೆಯಿತು. ಕೈಯಲ್ಲಿ ಕೋಲೂ ಇಲ್ಲದ ಕಾವಲುಗಾರನೊಬ್ಬ ಗುಂಡು ತಗುಲಿ ಸತ್ತ. ಗುಂಡು ಹಾರಿದ್ದು ಲೈಸೆನ್ಸಿಲ್ಲದ ನಾಡಪಿಸ್ತೂಲಿನಿಂದ. ಹಾರಿಸಿದ್ದು ಇನ್ಸ್‌ಪೆಕ್ಟರೇ ಎಂದು ಜೊತೆಯಲ್ಲಿದ್ದ ಸಬ್ ಇನ್ಸ್‌ಪೆಕ್ಟರ್ ಹೇಳಿಕೆ ಕೊಟ್ಟ.

ಎರಡು ಗಂಟೆಯೊಳಗೆ ವೈದ್ಯರು ಇಬ್ಬರ ಕೈಗಳಿಗೂ ಮದ್ದಿನ ಕಣ ಹಿಡಿಯುವ ಅಂಟುಬಿಲ್ಲೆ ಒತ್ತಿ ತೆಗೆದರು. ಇಬ್ಬರ ಜಾಕೆಟ್ಟುಗಳನ್ನೂ ಕಾಗದದಲ್ಲಿ ಸುತ್ತಿದರು.

ಮರುದಿನ ಬೆಳಿಗ್ಗೆ ಪೊಟ್ಟಣಗಳು ಅವಳ ಕಿಟಕಿಗೆ ಬಂದವು. ಮೊದಲನೆಯದರ ಮೇಲೆ ಅವನ ಹೆಸರು. ಅವಳು ಅದನ್ನು ಎರಡು ಸಲ ಓದಿದಳು. ಎಂದಿನಂತೆ ಸೀಲ್ ನೋಡಿ, ಸಹಿ ಹಾಕಿ, ಕಪಾಟಿನಲ್ಲಿಟ್ಟಳು. ಆಮೇಲೆ ಅರ್ಧ ಪುಟದ ಪತ್ರ ಬರೆದು ನಿರ್ದೇಶಕಿಯ ಕೋಣೆಗೆ ಹೋದಳು. ಅದನ್ನೋದಿದ ಆ ಹಿರಿಯ ಹೆಂಗಸು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಆ ಕಪಾಟಿಗೆ ಎರಡನೇ ಬೀಗ ಬಿತ್ತು. ಅದರ ಕೀಲಿ ನಿರ್ದೇಶಕಿಯ ಬಳಿ.

ಮಧ್ಯಾಹ್ನ ಅವನೇ ಬಂದ. ಅಮಾನತಾಗಿದ್ದ, ಸಮವಸ್ತ್ರವಿರಲಿಲ್ಲ.

"ಊರೆಲ್ಲ ಏನಾದ್ರೂ ಅನ್ಲಿ. ನೀವು ನನ್ನ ನಂಬ್ತೀರಾ?"

"ದಯವಿಟ್ಟು ಇಲ್ಲಿಂದ ಹೋಗಿ. ಮತ್ತೆ ಬರಬೇಡಿ. ಫೋನೂ ಮಾಡಬೇಡಿ."

ಅವನ ಮುಖ ಬಿಳಿಚಿಕೊಂಡಿತು. ಇವಳೂ ನನ್ನನ್ನು ಕೊಲೆಗಾರ ಅಂದುಕೊಂಡಳು... ಅವನಿಗೆ ಹಾಗನ್ನಿಸಿತೆಂದು ಅವಳಿಗೆ ಗೊತ್ತಾಯಿತು. ಗೊತ್ತಾಗಿಯೂ ಕಿಟಕಿ ಎಳೆದುಕೊಂಡಳು.

ಪರೀಕ್ಷೆಯ ಸರದಿ ಬರಲು ಮೂರು ತಿಂಗಳು ಹಿಡಿಯಿತು. ಅಷ್ಟು ದಿನವೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪೊಟ್ಟಣಗಳನ್ನು ಕಾದಳು. ಒಮ್ಮೆ ಮೇಲಧಿಕಾರಿಯೊಬ್ಬರು, "ಜಾಗ ಸಾಲ್ತಿಲ್ಲ, ಆ ಪೊಟ್ಟಣಗಳನ್ನ ಬಂದೂಕಿನ ಕೋಣೆಗೆ ಹಾಕಿಸಿ" ಎಂದರು.

"ಆಗಲ್ಲ ಸರ್. ಅಲ್ಲಿನ ಗಾಳೀಲೇ ಮದ್ದಿರುತ್ತೆ. ಬೇಕಾದ್ರೆ ನನ್ನ ಮೇಜು ಹೊರಗೆ ಹಾಕಿಸಿ."

ಮೇಜು ವರಾಂಡಕ್ಕೆ ಹೋಯಿತು. ಪೊಟ್ಟಣಗಳು ಕದಲಲಿಲ್ಲ.

ಮನೆಯಲ್ಲಿ ಅತ್ತಿಗೆ ಕೇಳಿದಳು, "ಅಡುಗೆಗೆ ಎರಡೆರಡು ಸಲ ಉಪ್ಪು ಹಾಕ್ತಿದ್ದೀಯ. ಯಾರೇ ಅವನು?"

"ಯಾರೂ ಇಲ್ಲ ಅತ್ತಿಗೆ."

"ಯಾರೂ ಇಲ್ಲದೆ ಇದ್ರೆ ಯಾಕೆ ಅಳ್ತೀಯ?"

ಅವಳು ಒಲೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಅತ್ತಿಗೆ ಅವಳ ತಲೆ ಸವರಿದಳು.

ಕೊನೆಗೂ ವರದಿ ಬಂತು. ಇನ್ಸ್‌ಪೆಕ್ಟರ್‌ನ ಕೈಯಿಂದ ತೆಗೆದ ಅಂಟುಬಿಲ್ಲೆಯಲ್ಲಿ ಒಂದು ಕಣವೂ ಇರಲಿಲ್ಲ. ಅಷ್ಟಕ್ಕೇ ಏನೂ ಹೇಳಲಾಗದು, ಕೈ ತೊಳೆದರೂ ಕಣ ಹೋಗುತ್ತದೆ ಎಂದರು ಪರೀಕ್ಷೆ ಮಾಡಿದ ವಿಜ್ಞಾನಿ. ಆದರೆ ಸಬ್ ಇನ್ಸ್‌ಪೆಕ್ಟರನ ಜಾಕೆಟ್ಟಿನ ಬಲತೋಳಿನ ಅಂಚಿನಲ್ಲಿ ಮೂವತ್ತೆಂಟು ಕಣಗಳಿದ್ದವು. ಇಲಾಖೆಯ ಗುಂಡಿನದಲ್ಲ, ಆ ನಾಡಪಿಸ್ತೂಲಿನ ಮದ್ದಿನದೇ.

ವಿಚಾರಣೆಯ ದಿನ ಸಬ್ ಇನ್ಸ್‌ಪೆಕ್ಟರನ ವಕೀಲರು ಅವಳ ಮೇಲೇ ಬಿದ್ದರು.

"ಈ ಇನ್ಸ್‌ಪೆಕ್ಟರ್ ಜೊತೆ ನೀವು ಚಹಾ ಕುಡೀತಿದ್ರಿ ಅಲ್ವಾ?"

"ಹೌದು."

"ಅಂಥವರ ಕೈಯಲ್ಲಿ ಸಾಕ್ಷ್ಯ ಇತ್ತು. ಅದರಲ್ಲಿ ಕೈಯಾಡಿಸಿಲ್ಲ ಅಂತ ಹೇಗೆ ನಂಬೋದು?"

ಅವಳು ನಿರ್ದೇಶಕಿಯ ಕಡೆ ನೋಡಿದಳು. ಅವರು ಎದ್ದು ಒಂದು ಹಾಳೆಯನ್ನು ನ್ಯಾಯಾಧೀಶರಿಗೆ ಕೊಟ್ಟರು. "ಪೊಟ್ಟಣ ಬಂದ ದಿನವೇ ಇವರು ಬರೆದುಕೊಟ್ಟಿದ್ದು ಸ್ವಾಮಿ."

ನ್ಯಾಯಾಧೀಶರು ಗಟ್ಟಿಯಾಗಿ ಓದಿದರು.

"'ಈ ಪ್ರಕರಣದ ಇನ್ಸ್‌ಪೆಕ್ಟರ್ ಅವರನ್ನು ನಾನು ಪ್ರೀತಿಸುತ್ತೇನೆ. ಅವರಿಗೆ ಇದು ತಿಳಿದಿಲ್ಲ. ಆದ್ದರಿಂದ ಕಪಾಟಿನ ಕೀಲಿ ನನ್ನೊಬ್ಬಳ ಬಳಿ ಇರುವುದು ಸರಿಯಲ್ಲ. ತೀರ್ಪು ಬರುವವರೆಗೆ ಅವರೊಡನೆ ಮಾತನಾಡುವುದಿಲ್ಲ.'"

ಅವಳು ತಲೆ ಎತ್ತಲಿಲ್ಲ. ಎತ್ತಿದ್ದರೆ, ಕಟಕಟೆಯಲ್ಲಿ ನಿಂತವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡದ್ದು ಕಾಣುತ್ತಿತ್ತು.

ವಕೀಲರು ಕಡತ ಮಡಚಿ ಕೂತರು. ಸಂಜೆ ನಾಲ್ಕಕ್ಕೆ ಆದೇಶ ಬಂತು. ಅವನು ನಿರ್ದೋಷಿ. ಸಬ್ ಇನ್ಸ್‌ಪೆಕ್ಟರನನ್ನು ಕರೆದೊಯ್ದರು. ಸತ್ತ ಕಾವಲುಗಾರನ ಹೆಂಡತಿ ಅವಳ ಬಳಿ ಬಂದು, ಕೈಯನ್ನೊಮ್ಮೆ ಗಟ್ಟಿಯಾಗಿ ಒತ್ತಿ ಹೋದಳು. ನಾಲ್ಕು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಬಂಡೆ ಆಗ ಉರುಳಿದಂತಾಗಿ, ಅವಳು ನ್ಯಾಯಾಲಯದ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು.

ಅವನು ಬಂದು ಪಕ್ಕದಲ್ಲಿ ಕೂತ.

"ನಾಲ್ಕು ತಿಂಗಳು ನಿಮ್ಮನ್ನ ಬೈಕೊಂಡೇ ಇದ್ದೆ."

"ಗೊತ್ತು. ಬೈದ್ರೆ ಬೈಲಿ, ಈ ಕೇಸಿಂದ ಹೊರಗೆ ಬಂದ್ರೆ ಸಾಕು ಅಂತಿದ್ದೆ."

"ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ..."

"ಆ ಒಂದು ಮಾತಿಗೇ ನೀವು ಜೈಲಿಗೆ ಹೋಗ್ತಿದ್ರಿ."

ಅವನ ಕಣ್ಣು ತುಂಬಿತು. ಒರೆಸಿಕೊಳ್ಳುತ್ತ ನಗಲು ನೋಡಿದ.

"ಇಡೀ ಕೋರ್ಟಿಗೆ ಗೊತ್ತಾದ್ಮೇಲೆ ನನಗೆ ಗೊತ್ತಾಯ್ತು ನೋಡಿ. ಈಗ ನಾನೂ ಹೇಳ್ಬೇಕು. ನನಗೂ ನೀವಂದ್ರೆ..." ಅರ್ಧಕ್ಕೇ ತಿದ್ದಿಕೊಂಡ. "ನೀನಂದ್ರೆ ಪ್ರಾಣ. 'ನೀನು' ಅನ್ನಬಹುದಾ?"

ಅವಳು ಅಳುತ್ತಲೇ ನಕ್ಕಳು.

"ಅನ್ನಿ."

"ನೀನೂ ಅನ್ನು."

"ಒಂದೇ ದಿನಕ್ಕೆ ಅಷ್ಟೆಲ್ಲ ನನ್ನ ಕೈಲಾಗಲ್ಲ ರೀ," ಎಂದು ಅವಳು ಅವನ ಭುಜಕ್ಕೆ ತಲೆಯಾನಿಸಿದಳು.