ಬಸುರಿಯರ ಕುರ್ಚಿ

ತಿಪ್ಪೇಶನ ಬೆರಳಿನಿಂದ ಹಿಂಡಿದ ಒಂದು ಹನಿ ರಕ್ತವನ್ನು ಯಂತ್ರ ಒಳಗೆಳೆದುಕೊಂಡಿತು. ಸ್ವಲ್ಪ ಹೊತ್ತು ಗುರುಗುಟ್ಟಿ, ಪರದೆಯ ಮೇಲೆ ಒಂಬತ್ತು ಪಟ್ಟಿಗಳನ್ನು ಮೂಡಿಸಿತು. ಅವನು ತಾಯಿಯ ಹೊಟ್ಟೆಯಲ್ಲಿ ಕಳೆದ ಒಂಬತ್ತು ತಿಂಗಳುಗಳು ಅವು. ಮೊದಲ ನಾಲ್ಕು ಬೆಳ್ಳಗಿದ್ದವು. ಐದನೆಯದರಿಂದ ಕೊನೆಯವರೆಗೆ ಕಪ್ಪು.

2061ರ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಷೆಡ್ಡುಗಳ ನಡುವೆ ಆ ಯಂತ್ರ ತಂದಿಟ್ಟವರು ಅದನ್ನು ಕಟ್ಟಿದ ಡಾಕ್ಟರ್ ಸಬಿಹಾ.

"ರಕ್ತ ಹುಟ್ಟಿಸೋ ಮೂಲಕೋಶಗಳು ಮೊದಲು ಕೂಸಿನ ಯಕೃತ್ತಿನಲ್ಲಿ ಬೆಳೀತವೆ, ಆಮೇಲೆ ಎಲುಬಿನ ಮಜ್ಜೆಗೆ ಹೋಗಿ ನೆಲೆಸ್ತವೆ. ಆ ಕಾಲದಲ್ಲಿ ವಿಷ ತಾಗಿದ್ರೆ ಗಾಯದ ಗುರುತು ಸಾಯೋತನಕ ಉಳೀತದೆ. ಯಂತ್ರ ಓದೋದು ಅದನ್ನೇ. ನಿಂಗೆ ತಾಗಿದ ವಿಷ ಬೆಂಜೀನ್. ಕಲೆ ತೆಗೆಯೋ ಎಣ್ಣೆಯಲ್ಲಿ ಇರ್ತದೆ."

ಇಪ್ಪತ್ನಾಲ್ಕರ ಹರೆಯದಲ್ಲೇ ತಿಪ್ಪೇಶನ ಮಜ್ಜೆ ಒಣಗುತ್ತಿತ್ತು. ಹಲ್ಲುಜ್ಜಿದರೆ ಒಸಡಿನಿಂದ ರಕ್ತ.

"ಷೆಡ್ಡಿನ ಸಾವ್ಕಾರನ ಹೆಸರು ಬರ್ತೈತೇನ್ರಿ ಅದ್ರಾಗ? ಹೋಗಿ ಕೊಳ್ಳಪಟ್ಟಿ ಹಿಡೀತೀನಿ."

"ಹೆಸರು ಬರಲ್ಲಪ್ಪ, ತಿಂಗಳು ಬರ್ತದೆ. ಓದಬಲ್ಲದು, ಅಳಿಸಲಾರದು."

ಪಕ್ಕದಲ್ಲಿದ್ದ ತಾಯಿ ಮಾರೆಕ್ಕ ಕಪ್ಪು ಪಟ್ಟಿಯನ್ನೇ ನೋಡುತ್ತಿದ್ದಳು. "ಐದರಾಗ ನಂಗ ಕುರ್ಚಿ ಸಿಕ್ತು," ಎಂದಳು.

ಷೆಡ್ಡಿನಲ್ಲಿ ದಿನವಿಡೀ ನಿಂತು ಇಬ್ಬರು ಮೂವರಿಗೆ ಗರ್ಭ ಇಳಿದುಹೋದ ಮೇಲೆ, ಬಸುರಿಯರಿಗೆ ಕೂತು ಮಾಡುವ ಕೆಲಸ ಬೇಕೆಂದು ಹೆಂಗಸರು ಗೇಟಿಗೆ ಅಡ್ಡ ಮಲಗಿ ಗೆದ್ದ ಕುರ್ಚಿ ಅದು. ಅಂಥ ಕೆಲಸ ಅಲ್ಲಿದ್ದದ್ದು ಒಂದೇ. ಸಣ್ಣ ಕೋಣೆಯಲ್ಲಿ ಕೂತು ಪ್ಯಾಂಟುಗಳ ಮೇಲಿನ ಕಲೆಗಳನ್ನು ಆ ಎಣ್ಣೆಯಲ್ಲಿ ಒರೆಸುವುದು. ಧೂಳು ಬರುತ್ತದೆಂದು ಕಿಟಕಿ ತೆರೆಯುವಂತಿಲ್ಲ. ಐದನೇ ತಿಂಗಳಿಗೆ ಬಿದ್ದವಳಿಗೆ ಗೆಳತಿಯರೇ ಸೀಮಂತದ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಮರುದಿನ ಅಲ್ಲಿ ಕೂರಿಸುತ್ತಿದ್ದರು.

"ವಾಸನೆ ಬರ್ತಿರಲಿಲ್ಲವೇನಮ್ಮ?" ಎಂದರು ಸಬಿಹಾ.

"ಬರ್ತಿತ್ರೀ. ತಲಿ ತಿರುಗ್ತಿತ್ತು, ವಾಂತಿ ಆಗ್ತಿತ್ತು. ಬಸುರಾಗ ಅದು ಇದ್ದಿದ್ದೇ ಅಂತ ನಗ್ತಿದ್ರು. ಹುಣಸಿಹಣ್ಣು ಬಾಯಾಗ ಇಟ್ಟು ಮತ್ತೆ ಕುಂದ್ರಿಸ್ತಿದ್ರು."

"ಆ ಕುರ್ಚಿ ಈಗಲೂ ಇದೆಯಾ?"

ಮಾರೆಕ್ಕ ಬಾಯಿ ಬಿಡುವ ಮೊದಲೇ ತಿಪ್ಪೇಶ ಎದ್ದು ಓಡಿದ್ದ. ಅವನ ಹೆಂಡತಿ ನಾಗವೇಣಿಗೆ ಕುಬಸವಾಗಿ ವಾರವಾಗಿತ್ತು.

"ಏಳು," ಎಂದ, ಷೆಡ್ಡಿನ ಆ ಕೋಣೆಯ ಬಾಗಿಲಲ್ಲಿ ಏದುಸಿರು ಬಿಡುತ್ತ.

"ಹುಚ್ಚು ಹಿಡದೈತೇನು? ಇದಕ್ಕ ಎಷ್ಟು ದಿನ ಕಾದೀನಿ!"

ಅವಳನ್ನು ಎಬ್ಬಿಸಿ ಕುರ್ಚಿಯನ್ನು ದರದರ ಹೊರಗೆಳೆದ. ಹೆಂಗಸರು ಮುತ್ತಿಕೊಂಡರು. ಅಂದು ಗೇಟಿಗೆ ಮಲಗಿದವರಲ್ಲಿ ಉಳಿದಿದ್ದ ಹನುಮಕ್ಕ ಕುರ್ಚಿಯ ಕಾಲು ಹಿಡಿದಳು. "ಲೇ, ಇದು ನಿಮ್ಮಪ್ಪ ತಂದುಕೊಟ್ಟಿದ್ದಲ್ಲ. ಪೊಲೀಸರ ಬೂಟಿನಾಗ ಒದಿಸ್ಕಂಡು ತಗಂಡಿದ್ದು!"

ತಿಪ್ಪೇಶ ತುಟಿ ಎತ್ತಿ ಒಸಡು ತೋರಿಸಿದ. "ನಮ್ಮಮ್ಮ ಅದ್ರಾಗ ಕುಂತಿದ್ಲು, ಅಜ್ಜಿ. ಒಳಗಿನ ಎಣ್ಣಿ ನಾನು ಹೊಟ್ಟಿಯಾಗಿದ್ದಾಗಲೇ ನನ್ನ ರಕ್ತ ತಿಂದೈತಿ. ಯಂತ್ರದಾಗ ಬಂತು."

ಹನುಮಕ್ಕನ ಹಿಡಿತ ಸಡಿಲವಾಯಿತು. ಬಸುರಿನಲ್ಲಿ ಅವಳೂ ಅದರಲ್ಲೇ ಕೂತಿದ್ದವಳು. ಅವಳ ಮಗಳೂ ಹೀಗೇ, ಮೂಗಿನ ರಕ್ತ ನಿಲ್ಲದೆ, ಮೂರನೇ ಕ್ಲಾಸಿನಲ್ಲಿ ಸತ್ತಿದ್ದಳು. ದೇವರ ಕಾಟವೆಂದು ಹರಕೆ ಹೊತ್ತಿದ್ದರು. ಮುದುಕಿ ಕುರ್ಚಿಯನ್ನು ಹೊರಬಾಗಿಲ ಗಾಳಿಗೆ ಒಯ್ದು, ಸೆರಗಿನಿಂದ ಒರೆಸಿ, ನಾಗವೇಣಿಯನ್ನು ಕೂರಿಸಿದಳು.

ಸೂಪರ್‌ವೈಸರ್ ದೂರದಿಂದಲೇ ನೋಡುತ್ತಿದ್ದ. "ಕುರ್ಚಿ ಎಲ್ಲಾದ್ರೂ ಹಾಕ್ಕಳ್ರಿ. ಕಲೆ ಒರೆಸೋರು ಯಾರು? ಸಂಜೆಗೆ ಲೋಡ್ ಹೋಗಬೇಕು."

ಆಗ ಹಿಂದಿನಿಂದ ಗಂಗೋತ್ರಿ ಬಂದಳು. ಮದುವೆಯಾಗಿ ತಿಂಗಳಾಗಿತ್ತು, ಕೊರಳಿನ ಅರಿಶಿನ ದಾರ ಇನ್ನೂ ಮಾಸಿರಲಿಲ್ಲ.

"ನಾ ಮಾಡ್ತೀನಿ ಬಿಡ್ರಿ. ನಂಗೇನು, ನಾ ಬಸುರಿ ಅಲ್ಲಲ್ಲ."

ಎಲ್ಲರಿಗೂ ಹೋದ ಜೀವ ಬಂದಂತಾಯಿತು. ತಿಪ್ಪೇಶನೂ ತಲೆಯಾಡಿಸಿದ. ಗಂಗೋತ್ರಿ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ಗರ್ಭ ನಿಂತ ಮೂರನೆಯ ವಾರಕ್ಕೇ ಕೂಸಿನ ಮೊದಲ ರಕ್ತಕಣ ಹುಟ್ಟುತ್ತದೆ. ಆ ಹೊತ್ತಿಗೆ ತಾಯಿಗೆ ತಾನು ತಾಯಿಯೆಂಬ ಸುಳಿವೂ ಇರುವುದಿಲ್ಲ. ಇದನ್ನು ಹೇಳಲು 2061ರ ಸಬಿಹಾರ ಯಂತ್ರ ಬೇಕಿಲ್ಲ. ಇವತ್ತೇ ನಮ್ಮ ಕಾಲೇಜು ಪುಸ್ತಕಗಳಲ್ಲಿ ಅಚ್ಚಾಗಿರುವ ಮಾತಿದು. ಷೆಡ್ಡಿಗೆ ಹೋಗಿ ಹೇಳಿದವರಿಲ್ಲ, ಅಷ್ಟೆ.